ಇಲ್ಲ ಅನ್ನುವುದಾದರೆ ಬರೆದು ಕೊಡಿ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕೊಪ್ಪಳ
ಹಾಗೂ ಜಿಲ್ಲೆಯ ಬ್ಯಾಂಕು, ಸಹಕಾರ ಸಂಘ, ನಾಡಕಚೇರಿ, ತಹಶೀಲ್ದಾರ್ ಕಚೇರಿಗಳ ಅಧಿಕಾರಿಗಳು

ವಿಷಯ: ಸತ್ತವರ ಹಣ, ಹೊಲ, ಮನೆ ಕೇಳಿಕೊಂಡು ಬರುವವರಿಗೆ ಬಾಯಿಮಾತಿನ ಬದಲು ಹಿಂಬರಹ (ಲಿಖಿತ ಉತ್ತರ) ಕೊಡುವ ಬಗ್ಗೆ.

ಮಾನ್ಯರೇ,

ನಾನು ಈ ಜಿಲ್ಲೆಯ ಒಂದು ತಾಲೂಕು ಕಚೇರಿ ಎದುರು ಟೇಬಲ್ ಹಾಕಿಕೊಂಡು ಅರ್ಜಿ ಬರೆದುಕೊಡುವವನು. ಯಾವ ತಾಲೂಕು ಅಂತ ಹೇಳುವುದಿಲ್ಲ. ಹೇಳಿದರೆ ನಾಳೆ ಟೇಬಲ್ ಎತ್ತಿಸುತ್ತಾರೆ. ಅದೂ ಅಲ್ಲದೆ ಇದು ಒಂದು ಕಚೇರಿಯ ತೊಂದರೆ ಅಲ್ಲ. ಪಕ್ಕದ ರಾಯಚೂರು, ಬಳ್ಳಾರಿ ಕಡೆ ಇದೇ ಕೆಲಸ ಮಾಡುವ ಗೆಳೆಯರೂ ಇದನ್ನೇ ಹೇಳುತ್ತಾರೆ.

ನನ್ನ ಹತ್ತಿರ ಬರುವವರಲ್ಲಿ ಸಾವಿನ ಮನೆಯವರೇ ಜಾಸ್ತಿ. ಮಣ್ಣು ಮಾಡಿ, ದಿನ ಮುಗಿಸಿ, ಬಟ್ಟೆ ಅಂಗಡಿಯ ಹಳೇ ಚೀಲದಲ್ಲಿ ಕಾಗದ ತುಂಬಿಕೊಂಡು ಬರುತ್ತಾರೆ. ಅವರಿಗೆ ಏನು ಬೇಕು ಅಂತ ಅವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಯಾರೋ ಏನೋ ತರಲು ಹೇಳಿರುತ್ತಾರೆ. ಅದನ್ನು ತಂದರೆ ಇನ್ನೊಂದು ತರಲು ಹೇಳುತ್ತಾರೆ.

ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ಬಂದಿದ್ದರು. ಗಂಡ ಬೆಂಗಳೂರಿಗೆ ಗುಳೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವರು. ಊರಿಗೆ ಬಂದಾಗ ಎದೆನೋವು ಬಂದು ತೀರಿಕೊಂಡರಂತೆ. ಚೀಲದಿಂದ ಒಂದೊಂದೇ ತೆಗೆದು ಟೇಬಲ್ ಮೇಲಿಟ್ಟರು. ಪಾಸ್‌ಬುಕ್, ಅದರ ಅಂಚು ಇಲಿ ಕಡಿದಿತ್ತು. ಲ್ಯಾಮಿನೇಷನ್ ಮಾಡಿಸಿದ ಮರಣ ಪ್ರಮಾಣಪತ್ರ. ಒಂದೂವರೆ ಲಕ್ಷದಷ್ಟರ ಠೇವಣಿ ರಸೀದಿ, ಅದರಲ್ಲಿ ನಾಮಿನಿ ಕಾಲಂ ಖಾಲಿ. ಕೊನೆಗೆ ಒಂದು ಎಟಿಎಂ ಚೀಟಿ. ಅದರ ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಒಂದೇ ಪದ ಬರೆದಿತ್ತು: ಪ್ರೊಬೇಟ್. ಸಹಿ ಇಲ್ಲ, ಸೀಲ್ ಇಲ್ಲ, ತಾರೀಖು ಇಲ್ಲ. ಬ್ಯಾಂಕಿನವರು ಬರೆದುಕೊಟ್ಟದ್ದು. ಯಾವ ಬ್ಯಾಂಕು ಅನ್ನುವುದು ಬೇಡ.

"ಯಣ್ಣಾ, ಇದು ಎಲ್ಲಿ ಸಿಗತೈತಿ? ಝೆರಾಕ್ಸ್ ಅಂಗಡ್ಯಾಗ ಕೇಳಿದೆ, ನಮ್ಮಲ್ಲಿಲ್ಲ ಅಂದ್ರು" ಅಂದರು.

"ನಿಮ್ಮ ಮನೆಯವರು ವಿಲ್ ಏನಾದ್ರೂ ಬರೆದಿಟ್ಟಿದ್ರೇನಮ್ಮಾ?"

"ಅವರಿಗೆ ಸಹಿ ಮಾಡಾಕ ಬರತಿತ್ತು, ಅಷ್ಟ."

ವಿಲ್ ಇಲ್ಲ. ವಿಲ್ಲೇ ಇಲ್ಲದ ಮೇಲೆ ಪ್ರೊಬೇಟ್ ಎಲ್ಲಿಂದ ತರಬೇಕು? ಪ್ರೊಬೇಟ್ ಅಂದರೆ ವಿಲ್‌ನ ಪ್ರತಿಗೆ ಕೋರ್ಟು ಮೊಹರು ಹಾಕಿ, ಇದು ಸತ್ತವರು ಬರೆದ ಕೊನೆಯ ನಿಜವಾದ ವಿಲ್, ಇದನ್ನು ಜಾರಿ ಮಾಡುವ ಹೊಣೆ ಇಂಥವರದು ಅಂತ ಹೇಳುವುದು. ವಿಲ್‌ನಲ್ಲಿ ಯಾರನ್ನು ಆ ಕೆಲಸಕ್ಕೆ ನೇಮಿಸಿದ್ದಾರೋ ಅವರಿಗೆ ಮಾತ್ರ ಅದು ಸಿಗುತ್ತದೆ. ಯಾರನ್ನೂ ನೇಮಿಸಿಲ್ಲ ಅಥವಾ ವಿಲ್ಲೇ ಇಲ್ಲ ಅಂದರೆ ಕೋರ್ಟು ಕೊಡುವುದು ಆಡಳಿತ ಪತ್ರ, ಅಂದರೆ ಸತ್ತವರ ಆಸ್ತಿ ನೋಡಿಕೊಳ್ಳುವ ಅಧಿಕಾರ ಕೊಡುವ ಪತ್ರ. ಎರಡೂ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿವೆ. ಸಾವಾಗಿ 7 ದಿನ ಕಳೆಯದೆ ಪ್ರೊಬೇಟ್ ಕೊಡಬಾರದು, 14 ದಿನ ಕಳೆಯದೆ ಆಡಳಿತ ಪತ್ರ ಕೊಡಬಾರದು ಅಂತಲೂ ಆ ಕಾಯ್ದೆಯಲ್ಲಿದೆ. ಅವಸರ ಮಾಡಬೇಡಿ ಅಂತ ಕೋರ್ಟಿಗೆ ಹೇಳಬೇಕಾಗಿದ್ದ ಕಾಲವೂ ಇತ್ತು ನೋಡಿ.

ಇನ್ನೊಂದು ವಿಷಯ. ವಿಲ್ ಇದ್ದರೂ ನಮ್ಮ ಕಡೆ ಪ್ರೊಬೇಟ್ ಕಡ್ಡಾಯ ಅಲ್ಲ. ಹಿಂದೂಗಳು ಬರೆದ ವಿಲ್‌ಗೆ ಪ್ರೊಬೇಟ್ ಬೇಕೇ ಬೇಕು ಅನ್ನುವ ನಿಯಮ ಬ್ರಿಟಿಷರ ಕಾಲದಿಂದ ಬಂದದ್ದು. ಅದು ಹಳೇ ಬಂಗಾಳ ಪ್ರಾಂತ್ಯ, ಮದ್ರಾಸ್ ನಗರ, ಬೊಂಬಾಯಿ ನಗರಗಳಲ್ಲಿ ಬರೆದ ವಿಲ್‌ಗೆ ಅಥವಾ ಅಲ್ಲಿನ ಆಸ್ತಿಗೆ ಸಂಬಂಧಿಸಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದನ್ನೂ ತೆಗೆದುಹಾಕಿತು. ಕೊಪ್ಪಳ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ನಿಯಮ ಇಲ್ಲಿಗೆ ಬಂದೇ ಇಲ್ಲ. ಬಳ್ಳಾರಿಯವರು ಕೆಲವರು "ನಾವು ಮದ್ರಾಸ್ ಕಡೆಯವರಲ್ವಾ" ಅನ್ನುತ್ತಾರೆ. ಹೌದು, 1953ರ ತನಕ ಬಳ್ಳಾರಿ ಮದ್ರಾಸಿನ ಜೊತೆಗಿತ್ತು. ಆದರೆ ನಿಯಮ ಇದ್ದದ್ದು ಮದ್ರಾಸ್ ಪಟ್ಟಣಕ್ಕೆ, ಜಿಲ್ಲೆಗಳಿಗಲ್ಲ. ಹಾಗಾಗಿ ಸಿರುಗುಪ್ಪದಲ್ಲಿ ಬರೆದ, ಸಿರುಗುಪ್ಪದ ಗದ್ದೆಯ ವಿಲ್‌ಗೆ ಪ್ರೊಬೇಟ್ ತರಲೇಬೇಕು ಅಂತ ಹಟ ಹಿಡಿಯಲು ಯಾರಿಗೂ ಆಧಾರ ಇಲ್ಲ. ಬೇಕಾದವರು ತೆಗೆದುಕೊಳ್ಳಬಹುದು. ಅಣ್ಣತಮ್ಮಂದಿರ ಜಗಳ ಇದ್ದರೆ, ಆಸ್ತಿ ನಾಲ್ಕು ಕಡೆ ಹರಡಿದ್ದರೆ ತೆಗೆದುಕೊಳ್ಳುವುದೇ ಒಳ್ಳೆಯದು.

ಪ್ರೊಬೇಟ್ ಬೇಡ ಅಂದ ಮಾತ್ರಕ್ಕೆ ವಿಲ್ ತೋರಿಸಿದ ಕೂಡಲೇ ಕೆಲಸ ಮುಗಿಯಿತು ಅಂತಲೂ ಅಲ್ಲ. ಎದುರಿನವರು ತಕರಾರು ತೆಗೆದರೆ ವಿಲ್ ಸಾಬೀತು ಮಾಡಬೇಕು. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯ ಅಲ್ಲ. ಆದರೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು, ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ನಮ್ಮ ಜನ ಸಾಕ್ಷಿಗೆ ತಮಗಿಂತ ಹಿರಿಯರನ್ನೇ ಹುಡುಕುತ್ತಾರೆ. ಗೌರವಕ್ಕೆ ಸರಿ. ವಿಲ್ ತೆಗೆಯುವ ಹೊತ್ತಿಗೆ ಆ ಹಿರಿಯರೂ ಇರುವುದಿಲ್ಲ. ಚಿಕ್ಕ ವಯಸ್ಸಿನವರಿಂದ ಸಹಿ ಮಾಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ವಿಲ್ ಸುತ್ತ ಅನುಮಾನ ಹುಟ್ಟಿಸುವ ಸಂಗತಿ ಇದ್ದರೆ ಅದನ್ನು ನಿವಾರಿಸುವ ಹೊಣೆ ವಿಲ್ ತಂದವರದ್ದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಮೈಸೂರು ಹೈಕೋರ್ಟಿನಿಂದ ಹೋದ ಒಂದು ಕೇಸಿನಲ್ಲೇ. 1959ರ ವರದಿಗಳಲ್ಲಿ ಅಚ್ಚಾದ ಆ ತೀರ್ಪನ್ನು ಇವತ್ತಿಗೂ ದೇಶದ ಎಲ್ಲ ಕೋರ್ಟುಗಳಲ್ಲಿ ಎತ್ತಿ ಹೇಳುತ್ತಾರೆ. ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಬೇರೆ. ಸಾಲ, ಮಣ್ಣಿನ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ವಿಲ್ ಬರೆದರೆ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ.

ಮತ್ತೆ ಆ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನವರ ಮನಸ್ಸಿನಲ್ಲಿದ್ದದ್ದು ಬಹುಶಃ ಸಕ್ಸೆಷನ್ ಸರ್ಟಿಫಿಕೇಟ್. ಇದೂ ಸಿವಿಲ್ ಕೋರ್ಟು ಕೊಡುವುದೇ. ಬ್ಯಾಂಕಿನ ಹಣ, ಷೇರು, ಸತ್ತವರಿಗೆ ಬೇರೆಯವರಿಂದ ಬರಬೇಕಾದ ಬಾಕಿ, ಇಷ್ಟಕ್ಕೆ ಮಾತ್ರ ಅದು. ಹೊಲಕ್ಕೂ ಮನೆಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಹೊಲದ ಖಾತೆಗೆ ಸಕ್ಸೆಷನ್ ತನ್ನಿ ಅಂತ ಕಳಿಸಿದವರನ್ನು ನಾನು ನೋಡಿದ್ದೇನೆ. ಬ್ಯಾಂಕಿನವರಿಗೆ ಈ ಕಾಗದ ಯಾಕೆ ಇಷ್ಟ ಅಂತ ನನಗೆ ಅರ್ಥ ಆಗುತ್ತದೆ. ಅದನ್ನು ನಂಬಿ ಹಣ ಕೊಟ್ಟರೆ ನಾಳೆ ಬೇರೆ ವಾರಸುದಾರ ಬಂದರೂ ಬ್ಯಾಂಕಿನ ತಲೆಗೆ ಬರುವುದಿಲ್ಲ. ಕಾನೂನೇ ಆ ರಕ್ಷಣೆ ಕೊಟ್ಟಿದೆ. ಆದರೆ ಬ್ಯಾಂಕಿನ ನಿದ್ದೆಗಾಗಿ ಒಂದೂವರೆ ಲಕ್ಷಕ್ಕೆ ಒಬ್ಬ ಕೂಲಿಯವಳು ವಕೀಲರ ಫೀಸು, ಕೋರ್ಟ್ ಫೀಸು, ಪತ್ರಿಕೆ ಪ್ರಕಟಣೆಯ ಖರ್ಚು ಕೊಟ್ಟು ವಾಯಿದೆಗೆ ಅಲೆಯಬೇಕಾ?

ರಿಸರ್ವ್ ಬ್ಯಾಂಕೇ ಬೇಡ ಅಂದಿದೆ. ನಾಮಿನಿ ಇದ್ದರೆ, ಅಥವಾ ಜಂಟಿ ಖಾತೆಯಲ್ಲಿ ಬದುಕಿರುವವರಿಗೆ ಹಣ ಅಂತ ಬರೆದಿದ್ದರೆ, ಮೊತ್ತ ಎಷ್ಟೇ ಇರಲಿ, ಸಕ್ಸೆಷನ್, ಪ್ರೊಬೇಟ್, ಜಾಮೀನು ಏನೂ ಕೇಳಬೇಡಿ ಅಂತ 2005ರಲ್ಲೇ ಸುತ್ತೋಲೆ ಕಳಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ ಬಿಗಿಯಾದ ನಿರ್ದೇಶನ ಹೊರಡಿಸಿತು. ನಾಮಿನಿ ಇಲ್ಲದಿದ್ದರೂ, ತಕರಾರು ಇಲ್ಲದಿದ್ದರೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ, ಬೇರೆ ಬ್ಯಾಂಕಿನಲ್ಲಿ 15 ಲಕ್ಷ ರೂಪಾಯಿವರೆಗೆ ಸರಳ ವಿಧಾನದಲ್ಲಿ ಕೊಡಬೇಕು. ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ಚೀಟಿ, ಉಳಿದ ವಾರಸುದಾರರ ಒಪ್ಪಿಗೆ, ನಷ್ಟಭರ್ತಿ ಮುಚ್ಚಳಿಕೆ, ವಾರಸುದಾರರು ಇವರೇ ಅಂತ ಪ್ರಮಾಣಪತ್ರ ಅಥವಾ ಕುಟುಂಬವನ್ನು ಬಲ್ಲ ಹೊರಗಿನವರೊಬ್ಬರ ಹೇಳಿಕೆ, ಇಷ್ಟರಲ್ಲೇ ಮುಗಿಯುವ ಕೆಲಸ. ಕಾಗದ ಎಲ್ಲ ಸೇರಿದ 15 ದಿನದೊಳಗೆ ಇತ್ಯರ್ಥ ಆಗಬೇಕು. ಬ್ಯಾಂಕಿನಿಂದ ತಡವಾದರೆ ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ಬ್ಯಾಂಕ್ ದರದ ಮೇಲೆ ಶೇ 4 ಸೇರಿಸಿ ಬಡ್ಡಿ ಕೊಡಬೇಕು. ಇದನ್ನು ಜಾರಿಗೆ ತರಲು ಬ್ಯಾಂಕುಗಳಿಗೆ ಕೊಟ್ಟ ಕೊನೆಯ ಗಡುವು 2026ರ ಮಾರ್ಚ್ 31.

ನಾನು ಮಾಡಿದ್ದು ದೊಡ್ಡದೇನಲ್ಲ. ಅವರ ಹೆಸರಲ್ಲಿ ಒಂದು ಪುಟದ ಅರ್ಜಿ ಬರೆದೆ. ವಿಲ್ ಇಲ್ಲದ ಪ್ರಕರಣದಲ್ಲಿ ಯಾವ ನಿಯಮದ ಪ್ರಕಾರ ಪ್ರೊಬೇಟ್ ಕೇಳುತ್ತಿದ್ದೀರಿ ಅಂತ ದಯವಿಟ್ಟು ಲಿಖಿತವಾಗಿ ತಿಳಿಸಿ, ಅಷ್ಟೇ. ಎರಡು ಪ್ರತಿ ಮಾಡಿಸಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ ಅಂತ ಹೇಳಿ ಕಳಿಸಿದೆ. ಉತ್ತರ ಬರಲಿಲ್ಲ. ಆದರೆ ಅವರನ್ನೇ ಕರೆಸಿ, ಕೂರಿಸಿ, ಕ್ಲೇಮ್ ಅರ್ಜಿಯ ನಮೂನೆ ಕೈಗೆ ಕೊಟ್ಟರು. ಪ್ರೊಬೇಟ್ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಸ್ವಾಮಿ, ನನ್ನ ಈ ಪತ್ರದ ತಿರುಳು ಇಷ್ಟೇ. ಬಾಯಲ್ಲಿ ಹೇಳಿ ಕಳಿಸುವ ಎಷ್ಟೋ "ಇಲ್ಲ"ಗಳು ಕಾಗದದ ಮೇಲೆ ಬರೆಯಲು ಹೋದರೆ ನಿಲ್ಲುವುದಿಲ್ಲ. ಬರೆಯುವವರ ಹೆಸರು, ಸಹಿ, ತಾರೀಖು ಬೀಳಬೇಕು ಅಂದ ಕೂಡಲೇ ಅಧಿಕಾರಿಯೂ ಒಮ್ಮೆ ಸುತ್ತೋಲೆ ತೆಗೆದು ನೋಡುತ್ತಾರೆ.

ಹೊಲದ ವಿಷಯದಲ್ಲಂತೂ ಇದು ಕಾನೂನಿನಲ್ಲೇ ಇದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 128ನೇ ಕಲಂ ನೋಡಿ. ವಾರಸಿನಿಂದ ಜಮೀನು ಬಂದವರು 3 ತಿಂಗಳೊಳಗೆ ವರದಿ ಮಾಡಬೇಕು. ಬರೆದುಕೊಟ್ಟರೂ ಸರಿ, ಬಾಯಲ್ಲಿ ಹೇಳಿದರೂ ಸರಿ. ವರದಿ ತೆಗೆದುಕೊಂಡ ಅಧಿಕಾರಿ ಕೂಡಲೇ ಲಿಖಿತ ಸ್ವೀಕೃತಿ ಕೊಡಬೇಕು. ಗಮನಿಸಿ, ಬಾಯಿಮಾತಿನ ರಿಯಾಯಿತಿ ಇರುವುದು ರೈತನಿಗೆ, ಅಧಿಕಾರಿಗಲ್ಲ. ನಮ್ಮಲ್ಲಿ ಇದು ತಿರುಗುಮುರುಗು ಆಗಿದೆ. ಆಮೇಲೆ 129ನೇ ಕಲಂ ಪ್ರಕಾರ ಚಾವಡಿಯಲ್ಲಿ ನೋಟಿಸ್ ಹಚ್ಚಿ, ಸಂಬಂಧಪಟ್ಟವರಿಗೂ ತಿಳಿಸಿ, ನಿಗದಿಯಾದಷ್ಟು ದಿನ ತಕರಾರಿಗೆ ಕಾಯಬೇಕು. ಯಾರೂ ಬರದಿದ್ದರೆ ಖಾತೆ ಆಗಬೇಕು. ಬಂದರೆ ತಕರಾರು ರಿಜಿಸ್ಟರಿಗೆ ಹೋಗಿ ವಿಚಾರಣೆ ಆಗಬೇಕು. ಆದೇಶ ಒಪ್ಪಿಗೆ ಆಗದಿದ್ದರೆ ಉಪವಿಭಾಗಾಧಿಕಾರಿಗಳ ಹತ್ತಿರ ಅಪೀಲು. ಅಪೀಲು ಹೋಗಲು ಆದೇಶದ ಪ್ರತಿ ಬೇಕಲ್ವಾ? "ನಿಮ್ಮದು ಆಗಲ್ಲ ಹೋಗ್ರಿ" ಅಂದದ್ದಕ್ಕೆ ಎಲ್ಲಿ ಅಪೀಲು ಹಾಕಬೇಕು?

ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಲು ಪೌತಿ ಖಾತೆ ಆಂದೋಲನ ಅಂತ ಸರ್ಕಾರ ಮಾಡಿದ್ದು ಒಳ್ಳೆಯ ಕೆಲಸ. ನಮ್ಮ ಭಾಗದಲ್ಲಿ ಅಜ್ಜನ ಹೆಸರಲ್ಲಿ, ಮುತ್ತಜ್ಜನ ಹೆಸರಲ್ಲಿ ಉಳಿದ ಪಹಣಿಗಳಿಗೆ ಲೆಕ್ಕವಿಲ್ಲ. ಖಾತೆ ಆಗದಿದ್ದರೆ ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಆಗುವುದಿಲ್ಲ. ಅದಿಲ್ಲದಿದ್ದರೆ ಬೆಳೆ ಪರಿಹಾರ, ಬೆಳೆ ವಿಮೆ, ಬೆಳೆ ಸಾಲ ಎಲ್ಲಕ್ಕೂ ತೊಡಕು. ಪಿಎಂ ಕಿಸಾನ್‌ಗೆ 2019ರ ಫೆಬ್ರವರಿ 1ಕ್ಕೆ ಜಮೀನು ಇರಬೇಕಿತ್ತು, ನಿಮಗೆ ಬರಲ್ಲ ಅಂತ ಮಕ್ಕಳನ್ನು ಕಳಿಸಿಬಿಡುತ್ತಾರೆ. ತಂದೆ ತೀರಿಕೊಂಡು ವಾರಸಾ ಬಂದವರಿಗೆ ಆ ತಾರೀಖಿನ ಷರತ್ತಿನಿಂದ ವಿನಾಯಿತಿ ಇದೆ. ಅದನ್ನು ಹೇಳುವವರಿಲ್ಲ.

ಆದರೆ ಆಂದೋಲನದ ಅವಸರದಲ್ಲಿ ಒಂದು ಕೆಡುಕೂ ಆಗುತ್ತಿದೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವುದು. ನನ್ನ ಟೇಬಲ್ ಮುಂದೆಯೇ ಕೇಳುತ್ತಾರೆ: "ಅಕ್ಕನ್ನ ಕೊಟ್ಟು ಎಷ್ಟೋ ವರ್ಷ ಆತು, ಆಕಿ ಹೆಸರು ಯಾಕ ಬೇಕ್ರಿ?" ಬೇಕು. ವಿಲ್ ಬರೆಯದೆ ಸತ್ತ ಹಿಂದೂ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು, ತಾಯಿ ಎಲ್ಲರಿಗೂ ಸಮ ಪಾಲು. 1956ರಿಂದಲೂ ಹೀಗೇ ಇದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಆದರೆ ಆಗ ಮದುವೆಯಾಗಿದ್ದವರನ್ನು ಬಿಟ್ಟಿತ್ತು. 2005ರಲ್ಲಿ ದೇಶಕ್ಕೆಲ್ಲ ಬಂದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿದೆ. ಅಕ್ಕ ತನ್ನ ಪಾಲು ತಮ್ಮನಿಗೆ ಬಿಡುತ್ತಾಳಾ, ಬಿಡಲಿ, ಅದು ಅವಳ ಇಷ್ಟ. ಉಪನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಬೇಕು. ಬಾಂಡ್ ಪೇಪರ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ನೋಟರಿ ಸೀಲ್ ಹಾಕಿಸಿದರೆ ಅವಳ ಹಕ್ಕು ಹೋಗುವುದಿಲ್ಲ. ಹೆಸರು ಮುಚ್ಚಿಟ್ಟು ಮಾಡಿಸಿದ ಖಾತೆಯಿಂದಲೂ ಹೋಗುವುದಿಲ್ಲ. ಪಹಣಿ ಅಂದರೆ ಕಂದಾಯ ಯಾರು ಕಟ್ಟಬೇಕು ಅನ್ನುವ ದಾಖಲೆ, ಹಕ್ಕನ್ನು ಹುಟ್ಟಿಸುವುದೂ ಇಲ್ಲ ಕೊಲ್ಲುವುದೂ ಇಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಇವತ್ತು ಒಂದು ಹೆಸರು ಬಿಟ್ಟರೆ ಹತ್ತು ವರ್ಷದ ಮೇಲೆ ಪಾಲಿನ ದಾವೆ ಆಗಿ ಬರುತ್ತದೆ. ಆಗ ಕೊಪ್ಪಳದಿಂದ ಧಾರವಾಡದ ಹೈಕೋರ್ಟ್ ಪೀಠಕ್ಕೆ ಬಸ್ ಚಾರ್ಜ್ ಕೊಡುವವರು ಆ ಅಣ್ಣತಮ್ಮಂದಿರೇ.

ಇನ್ನು ಹೆಸರಿನ ಗೋಳು. ಪಹಣಿಯಲ್ಲಿ ಹನಮಪ್ಪ, ಆಧಾರ್‌ನಲ್ಲಿ ಹನುಮಂತಪ್ಪ, ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್ ಕಾಗುಣಿತದ ಹನುಮಪ್ಪ. ಒಂದು ಕಡೆ ತಂದೆ ಹೆಸರು, ಒಂದು ಕಡೆ ಅಡ್ಡಹೆಸರು, ಇನ್ನೊಂದು ಕಡೆ ಊರಿನ ಹೆಸರು. ಸತ್ತವನು ಬಂದು ತಿದ್ದಿಸಲು ಆಗುವುದಿಲ್ಲ. ಊರಿಗೆ ಊರೇ ಬಲ್ಲ ಮನುಷ್ಯ ಕಾಗದದಲ್ಲಿ ಮೂರು ಜನ ಆಗಿರುತ್ತಾನೆ. ಎಲ್ಲರೂ ಒಬ್ಬನೇ ಅಂತ ಒಂದು ಅಫಿಡವಿಟ್ ಮಾಡಿಸಿ ಅಂತಾರೆ. ಬ್ಯಾಂಕಿಗೆ ಒಂದು, ಜೀವವಿಮೆಗೆ ಒಂದು, ನಾಡಕಚೇರಿಗೆ ಒಂದು, ಪಂಚಾಯ್ತಿಗೆ ಇನ್ನೊಂದು. ಇದರಿಂದ ನಮ್ಮಂಥವರ ಹೊಟ್ಟೆ ತುಂಬುತ್ತದೆ, ನಿಜ. ಆದರೂ ಹೇಳುತ್ತೇನೆ, ಇದು ಬೇಡದ ಖರ್ಚು. ಗ್ರಾಮ ಆಡಳಿತ ಅಧಿಕಾರಿ ವಂಶವೃಕ್ಷಕ್ಕೆ ಊರಿಗೆ ಹೋಗಿ ಅಕ್ಕಪಕ್ಕದವರ ಹೇಳಿಕೆ ಪಡೆದೇ ಪಡೆಯುತ್ತಾರೆ. ಆಗಲೇ ಸತ್ತವರಿಗೆ ಇದ್ದ ಬೇರೆ ಬೇರೆ ಹೆಸರುಗಳನ್ನೂ ಅದೇ ಪಂಚನಾಮೆಯಲ್ಲಿ ಬರೆದು, ಅದೇ ಕಾಗದವನ್ನು ಎಲ್ಲ ಕಚೇರಿಗಳೂ ಒಪ್ಪಿದರೆ ಆಯ್ತು. ತಾವು ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ.

ನಾಮಿನಿ ಬಗ್ಗೆ ಜನಕ್ಕೆ ಎರಡು ಮಾತು ಹೇಳಬೇಕು. ನಾಮಿನಿ ಅಂದರೆ ಹಣ ಕೈಗೆ ಪಡೆಯುವವನು, ಮಾಲೀಕ ಅಲ್ಲ. ವಿಮೆಯ ಕೇಸಿನಲ್ಲಿ 1984ರಲ್ಲಿ, ಬ್ಯಾಂಕ್ ಕೇಸಿನಲ್ಲಿ 2010ರಲ್ಲಿ, ಷೇರಿನ ಕೇಸಿನಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಮದುವೆಗೆ ಮುಂಚೆ ಖಾತೆ ತೆಗೆದವರು ಅಣ್ಣನನ್ನು ನಾಮಿನಿ ಮಾಡಿರುತ್ತಾರೆ, ಆಮೇಲೆ ಮರೆಯುತ್ತಾರೆ. ಬ್ಯಾಂಕು ಅಣ್ಣನಿಗೆ ಹಣ ಕೊಟ್ಟರೆ ಅದರಲ್ಲಿ ಬ್ಯಾಂಕಿನ ತಪ್ಪಿಲ್ಲ. ಆದರೆ ಹೆಂಡತಿ ಮಕ್ಕಳು ಆ ಹಣವನ್ನು ಅಣ್ಣನಿಂದ ಕೇಳಬಹುದು. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯಿಂದ ಬದಲಾವಣೆ ಬಂದಿದೆ. ಪಾಲಿಸಿದಾರ ತನ್ನ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆ ತಾಯಿಯನ್ನು ನಾಮಿನಿ ಮಾಡಿದ್ದರೆ ಹಣ ಅವರದೇ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ಜನರ ತನಕ ನಾಮಿನಿ ಮಾಡಲು ಅವಕಾಶ ಇದೆ. ಮನೆಗೆ ಹೋಗಿ ಪಾಸ್‌ಬುಕ್ ತೆಗೆದು ನೋಡಿ, ಆ ಕಾಲಂ ಖಾಲಿ ಇದೆಯಾ ಅಂತ.

ಪಾಸ್‌ಬುಕ್ ಎಂಟ್ರಿಯಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಅಥವಾ 20 ರೂಪಾಯಿ ಕಡಿತ ಆಗಿದ್ದರೆ ಅದನ್ನೂ ಬಿಡಬೇಡಿ. 436 ಅಂದರೆ ಜೀವನ ಜ್ಯೋತಿ ವಿಮೆ, ಯಾವುದೇ ಕಾರಣದ ಸಾವಿಗೆ 2 ಲಕ್ಷ. 20 ಅಂದರೆ ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಖಾತೆ ಮುಚ್ಚುವ ಮೊದಲೇ ಕೇಳಬೇಕು. ಬೈಕು, ಟ್ರ್ಯಾಕ್ಟರ್ ಇದ್ದರೆ ಸಾವಿನ ವಿಷಯ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ತಡದ ಶುಲ್ಕ ಇಲ್ಲ, ವರ್ಷ ದಾಟಿದರೆ ಮೇಲಧಿಕಾರಿಯ ಆದೇಶ ಬೇಕಾಗುತ್ತದೆ. ಇನ್ನು ಬಂಗಾರಕ್ಕೆ ಯಾವ ಕಚೇರಿಯೂ ಕಾಗದ ಕೇಳುವುದಿಲ್ಲ. ಅದನ್ನು ನಾದಿನಿ ನೆಗೆಣ್ಣಿಯರೇ ವಿಚಾರಣೆ ಮಾಡಿ ಮುಗಿಸುತ್ತಾರೆ.

ಸಾಲದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಸಾವಿನ ಮನೆಗೆ ಮೊದಲು ಬರುವುದು ಸಾಲ ಕೊಟ್ಟವರು. ದಿನದ ಊಟಕ್ಕೆ ಬಂದವರ ಜೊತೆಗೇ ಬಂದು ಕೂತಿರುತ್ತಾರೆ. ಹಿರಿಮಗನನ್ನು ಪಕ್ಕಕ್ಕೆ ಕರೆದು "ನಿಮ್ಮಪ್ಪನ ಹಳೇ ಕಾಗದ ಹರಿದು ಹಾಕೋಣ, ನಿನ್ನ ಹೆಸರಲ್ಲಿ ಹೊಸ ಪ್ರೋನೋಟು ಬರೆದುಕೊಡು, ಅಪ್ಪನ ಋಣ ತೀರಿಸಬೇಕು ಮತ್ತ" ಅನ್ನುತ್ತಾರೆ. ಹುಡುಗ ಆ ದುಃಖದಲ್ಲಿ ಸಹಿ ಹಾಕುತ್ತಾನೆ. ಹಾಕಬಾರದು. ಸತ್ತವರ ಸಾಲಕ್ಕೆ ವಾರಸುದಾರರು ಜವಾಬ್ದಾರರು ನಿಜ, ಆದರೆ ಸತ್ತವರಿಂದ ತಮಗೆ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ. ಎರಡು ಎಕರೆ ಬಂದಿದ್ದರೆ ಆ ಎರಡು ಎಕರೆಯ ಬೆಲೆಯಷ್ಟು. ಏನೂ ಬಂದಿಲ್ಲ ಅಂದರೆ ಏನೂ ಇಲ್ಲ. ಮಗನ ಕೂಲಿ ಹಣಕ್ಕೆ, ಹೆಂಡತಿಯ ಸ್ವಂತ ದುಡಿಮೆಗೆ ಕೈ ಹಾಕುವಂತಿಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಅಂತ ಕೋರ್ಟಿನಲ್ಲಿ ವಾದ ಮಾಡುವ ದಾರಿಯನ್ನು ಹಿಂದೂಗಳಿಗೆ 2005ರ ತಿದ್ದುಪಡಿ ಮುಚ್ಚಿದೆ, ಅದಕ್ಕೂ ಹಿಂದಿನ ಸಾಲ ಬೇರೆ ಮಾತು. ಹೊಸ ಪ್ರೋನೋಟಿಗೆ ಸಹಿ ಬಿದ್ದರೆ ಮಾತ್ರ ಅದು ನಿನ್ನದೇ ಸಾಲ ಅಂತ ಹಿಡಿಯಲು ದಾರಿ ಆಗುತ್ತದೆ.

ಯಾರಿಗೆ ಮೊದಲು ಕೊಡಬೇಕು ಅನ್ನುವುದಕ್ಕೂ 1925ರ ಕಾಯ್ದೆಯಲ್ಲಿ ಕ್ರಮ ಇದೆ. ಅದನ್ನು ಓದಿದಾಗ ನನಗೆ ಬರೆದವರ ಮೇಲೆ ಗೌರವ ಬಂತು. ಮೊದಲು ಮಣ್ಣಿನ ಖರ್ಚು, ಅದೂ ಹದವಾಗಿ, ಮತ್ತು ಸಾಯುವ ಮುಂಚಿನ ಒಂದು ತಿಂಗಳ ಆಸ್ಪತ್ರೆ ಖರ್ಚು. ಆಮೇಲೆ ಕೋರ್ಟಿನಿಂದ ಪ್ರೊಬೇಟ್ ಅಥವಾ ಆಡಳಿತ ಪತ್ರ ತರುವ ಖರ್ಚು. ಮೂರನೆಯದು ಸಾಯುವ ಮುಂಚಿನ ಮೂರು ತಿಂಗಳು ದುಡಿದ ಆಳು, ಕೂಲಿ, ಮನೆಗೆಲಸದವರ ಬಾಕಿ. ಉಳಿದ ಸಾಲಗಾರರು ಅದಾದ ಮೇಲೆ. ವಿಲ್‌ನಲ್ಲಿ ಬರೆದ ದಾನ, ಉಡುಗೊರೆ ಎಲ್ಲ ಸಾಲ ತೀರಿದ ನಂತರ. ಪ್ರೊಬೇಟ್ ತೆಗೆದುಕೊಂಡವರು 6 ತಿಂಗಳೊಳಗೆ ಆಸ್ತಿ ಸಾಲಗಳ ಪಟ್ಟಿಯನ್ನು, 1 ವರ್ಷದೊಳಗೆ ಪೂರ್ತಿ ಲೆಕ್ಕವನ್ನು ಕೋರ್ಟಿಗೆ ಕೊಡಬೇಕು. ಕೋರ್ಟಿಗೆ ಹೋಗದ ಮನೆಯವರೂ ಒಂದು ನೋಟ್‌ಬುಕ್ಕಿನಲ್ಲಿ ಇದೇ ಪಟ್ಟಿ ಬರೆದಿಟ್ಟರೆ ಮುಂದೆ ಅಣ್ಣತಮ್ಮಂದಿರ ನಡುವೆ ಮಾತು ಬರುವುದಿಲ್ಲ.

ಈಗ ನನ್ನ ಬೇಡಿಕೆ. ಜಿಲ್ಲೆಯ ಬ್ಯಾಂಕುಗಳ ಸಮಾಲೋಚನಾ ಸಮಿತಿ ಸಭೆ ನಡೆಯುವುದು ತಮ್ಮ ಅಧ್ಯಕ್ಷತೆಯಲ್ಲೇ. ಅಲ್ಲಿ ಸಾಲ ಎಷ್ಟು ಕೊಟ್ಟಿರಿ ಅಂತ ಕೇಳುವಂತೆ, ಸತ್ತವರ ಕ್ಲೇಮು ಎಷ್ಟು ಬಂತು, ಎಷ್ಟು ಇತ್ಯರ್ಥ ಆಯ್ತು, ಎಷ್ಟಕ್ಕೆ ಲಿಖಿತ ಕಾರಣ ಕೊಟ್ಟು ತಿರಸ್ಕರಿಸಿದಿರಿ ಅಂತಲೂ ಶಾಖೆವಾರು ಕೇಳಿ. ರಿಸರ್ವ್ ಬ್ಯಾಂಕಿನ ನಿರ್ದೇಶನ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದಗಳಿಗೆ ಅನ್ವಯ ಆಗುವುದಿಲ್ಲ. ನಮ್ಮ ಕಡೆ ಕೂಲಿಯವರ, ಸಣ್ಣ ವ್ಯಾಪಾರಿಗಳ ಪಿಗ್ಮಿ ಹಣ ಇರುವುದು ಅಲ್ಲೇ. ಸಹಕಾರ ಇಲಾಖೆಯವರನ್ನು ಕೂರಿಸಿಕೊಂಡು ಅವರಿಗೂ ಇಂಥದ್ದೇ ಒಂದು ಪದ್ಧತಿ ಮಾಡಿಸಿ.

ಕಂದಾಯದ ಕಡೆ ಹೊಸ ಕಾನೂನೇ ಬೇಡ. 2011ರ ಸಕಾಲ ಕಾಯ್ದೆ ಇದೆ. ಅದರ ಪಟ್ಟಿಯಲ್ಲಿರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಜಾಸ್ತಿ ಅಂದರೆ 500 ರೂಪಾಯಿ ಪರಿಹಾರ. ತಿರಸ್ಕರಿಸಿದರೆ ಕಾರಣ ಬರೆಯಬೇಕು. ಆದರೆ ಕೌಂಟರಿನಲ್ಲಿ ಅರ್ಜಿಯನ್ನೇ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಸಕಾಲದ ಗಡಿಯಾರ ಶುರುವೇ ಆಗುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಅರ್ಜಿ ಅಪೂರ್ಣ ಇದ್ದರೂ ತೆಗೆದುಕೊಳ್ಳಿ, ನಂಬರ್ ಕೊಡಿ, ಏನು ಕೊರತೆ ಅಂತ ಒಂದೇ ಸಲಕ್ಕೆ ಹಿಂಬರಹದಲ್ಲಿ ಬರೆದುಕೊಡಿ. ಬರೆದದ್ದನ್ನು ತಂದ ಮೇಲೆ ಇನ್ನೊಂದು ಹೊಸದು ಕೇಳಬೇಡಿ. ಮರಣ ಪ್ರಮಾಣಪತ್ರ ಕೊಡುವ ಕಿಟಕಿಯಲ್ಲೇ, ಯಾವುದಕ್ಕೆ ಎಲ್ಲಿಗೆ ಹೋಗಬೇಕು, ಯಾವುದಕ್ಕೆ ಕೋರ್ಟು ಬೇಕು, ಯಾವುದಕ್ಕೆ ಬೇಡ ಅಂತ ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ ಕೊಡಿ. ಬರೆಯುವವರು ಬೇಕಿದ್ದರೆ ನಾನು ಪುಕ್ಕಟೆ ಬರೆದುಕೊಡುತ್ತೇನೆ.

ಓದುತ್ತಿರುವ ಜನರಿಗೂ ಒಂದು ಮಾತು. ಅರ್ಜಿ ಯಾವಾಗಲೂ ಎರಡು ಪ್ರತಿ. ಕೌಂಟರಿನಲ್ಲಿ ಸೀಲ್ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಬ್ಯಾಂಕಿನಿಂದ 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಫೀಸಿಲ್ಲ, ವಕೀಲರೂ ಬೇಡ. ಆ ದೂರಿಗೆ ಹಚ್ಚಲು ಬೇಕಾದದ್ದು ಸೀಲ್ ಬಿದ್ದ ನಿಮ್ಮ ಅರ್ಜಿಯ ಪ್ರತಿ.

ಇಂತಿ ತಮ್ಮ ವಿಶ್ವಾಸಿ,
ತಾಲೂಕು ಕಚೇರಿ ಎದುರಿನ ಅರ್ಜಿ ಬರೆಯುವವನು
ಕೊಪ್ಪಳ ಜಿಲ್ಲೆ